ಕೂಸಿಗೆ ಕೆಮ್ಮು, ಉಸಿರಿನ ತೊಂದರೆ: ಕೊಡಗಿನ ಮನೆಗಳಿಗೊಂದು ಸಮಗ್ರ ಮಾರ್ಗದರ್ಶಿ

ಜೂನ್ ಹೊತ್ತಿಗೆ ಶಾಲೆ ಶುರುವಾಗುತ್ತದೆ, ಮಳೆಯೂ ಹಿಡಿಯುತ್ತದೆ. ದೊಡ್ಡ ಮಗು ಶಾಲೆಯಿಂದ ಶೀತ ಹಿಡಿಸಿಕೊಂಡು ಬರುತ್ತದೆ. ಕೆಲವೇ ದಿನಗಳಲ್ಲಿ ತೊಟ್ಟಿಲಲ್ಲಿರುವ ಕೂಸಿಗೂ ಮೂಗು ಕಟ್ಟಿ, ಕೆಮ್ಮು ಶುರುವಾಗುತ್ತದೆ. ರಾತ್ರಿ ಕರೆಂಟ್ ಇಲ್ಲ, ಫೋನಿಗೆ ಸಿಗ್ನಲ್ ಇಲ್ಲ, ಹೊರಗೆ ಮಳೆ ನಿಲ್ಲುತ್ತಿಲ್ಲ. ಈಗಲೇ ಹೊರಡಬೇಕಾ, ಬೆಳಗ್ಗೆವರೆಗೆ ಕಾಯಬಹುದಾ? ಮನೆಯವರೆಲ್ಲ ಒಬ್ಬರ ಮುಖ ಒಬ್ಬರು ನೋಡುತ್ತಾರೆ. ಆ ಹೊತ್ತಿನಲ್ಲಿ ಏನು ನೋಡಬೇಕು, ಏನು ಮಾಡಬೇಕು, ಏನು ಮಾಡಲೇಬಾರದು ಅಂತ ಇಲ್ಲಿ ಒಂದೊಂದಾಗಿ ಹೇಳಿದ್ದೇನೆ.

ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ಕೆಮ್ಮು ಎಷ್ಟು ಜೋರಾಗಿದೆ ಅನ್ನುವುದರಿಂದ ಅಪಾಯ ಗೊತ್ತಾಗುವುದಿಲ್ಲ. ಜೋರಾಗಿ ಕೆಮ್ಮುವ ಮಗು ನಡುನಡುವೆ ಆಡುತ್ತಾ, ಹಾಲು ಕುಡಿಯುತ್ತಾ ಇದ್ದರೆ ಸಾಮಾನ್ಯವಾಗಿ ಸ್ವಲ್ಪ ಸಮಯ ಇದೆ ಅಂತ ಅರ್ಥ. ಕೆಮ್ಮೇ ಇಲ್ಲದೆ ಸುಮ್ನೆ ಮಲಗಿ ಏದುಸಿರು ಬಿಡುವ ಮಗುವಿಗೆ ಸಮಯ ಇಲ್ಲ. ಹಾಗಾಗಿ ಕಿವಿಗಿಂತ ಕಣ್ಣಿಗೆ ಜಾಸ್ತಿ ಕೆಲಸ ಕೊಡಿ.

ಮೊದಲು ಅಂಗಿ ಎತ್ತಿ ಎದೆ ನೋಡಿ

ನಮ್ಮ ಕಡೆ ಚಳಿ ಅಂತ ಕೂಸಿಗೆ ಸ್ವೆಟರ್, ಟೋಪಿ, ಮೇಲೊಂದು ಕಂಬಳಿ ಸುತ್ತಿರುತ್ತೇವೆ. ಆ ಬಟ್ಟೆಯ ಒಳಗೆ ಎದೆ ಏನು ಮಾಡುತ್ತಿದೆ ಅಂತ ಯಾರಿಗೂ ಕಾಣುವುದಿಲ್ಲ. ಮಗು ಅಳು ನಿಲ್ಲಿಸಿ ಸಮಾಧಾನವಾದ ಮೇಲೆ, ಅಥವಾ ನಿದ್ದೆಯಲ್ಲಿರುವಾಗ, ಚೆನ್ನಾಗಿ ಬೆಳಕಿರುವ ಕಡೆ ಮಲಗಿಸಿ ಅಂಗಿಯನ್ನು ಕುತ್ತಿಗೆವರೆಗೆ ಎತ್ತಿ.

ಕೂಸುಗಳು ಉಸಿರಾಡುವಾಗ ಹೊಟ್ಟೆ ಏರಿ ಇಳಿಯುತ್ತದೆ. ಅದು ಸಹಜ. ನೀವು ನೋಡಬೇಕಾದ್ದು ಎದೆಗೂಡಿನ ಕೆಳಗಿನ ಅಂಚು. ಉಸಿರು ಒಳಗೆ ಎಳೆದುಕೊಳ್ಳುವಾಗ ಆ ಭಾಗ ಹೊರಗೆ ಬರಬೇಕು. ಅದರ ಬದಲು ಪಕ್ಕೆಯ ಕೆಳಗೆ ಗುಳಿ ಬೀಳುತ್ತಿದೆಯಾ? ಪ್ರತಿ ಉಸಿರಿಗೂ ಬೀಳುತ್ತಿದೆಯಾ? ಹಾಗಿದ್ದರೆ ಶ್ವಾಸಕೋಶ ಕಷ್ಟಪಡುತ್ತಿದೆ. ಆಮೇಲೆ ಮುಖ ನೋಡಿ. ಮೂಗಿನ ಹೊಳ್ಳೆ ಪ್ರತಿ ಉಸಿರಿಗೂ ಅರಳುವುದು, ಉಸಿರಿನ ಜೊತೆಗೆ ತಲೆ ಮೇಲೆ ಕೆಳಗೆ ಆಡುವುದು, ಉಸಿರು ಬಿಡುವಾಗಲೆಲ್ಲ ಸಣ್ಣಗೆ ನರಳುವ ಸದ್ದು ಬರುವುದು, ಇವೆಲ್ಲ ಅದೇ ಕಷ್ಟದ ಗುರುತುಗಳು.

ಬಣ್ಣ ನೋಡುವಾಗ ತುಟಿ ಮತ್ತು ನಾಲಿಗೆ ನೋಡಿ. ಜನವರಿಯ ಚಳಿಯಲ್ಲಿ ಕೂಸಿನ ಅಂಗೈ, ಅಂಗಾಲು ಸ್ವಲ್ಪ ನೀಲಿಯಾಗುವುದುಂಟು, ಬೆಚ್ಚಗೆ ಮಾಡಿದರೆ ಸರಿಹೋಗುತ್ತದೆ. ನಾಲಿಗೆ ನೀಲಿಯಾದರೆ, ಬೂದಿ ಬಣ್ಣಕ್ಕೆ ತಿರುಗಿದರೆ ರಕ್ತದಲ್ಲಿ ಆಮ್ಲಜನಕ ಕಡಿಮೆಯಾಗಿದೆ. ಆಗ ಬೇರೇನೂ ನೋಡುತ್ತಾ ಕೂರಬೇಡಿ, ಹೊರಡಿ.

ಇದೇ ಹೊತ್ತಿನಲ್ಲಿ ಮೊಬೈಲಿನಲ್ಲಿ ಒಂದು ನಿಮಿಷದ ವಿಡಿಯೋ ಮಾಡಿಕೊಳ್ಳಿ. ಎದೆ ಮತ್ತು ಮುಖ ಎರಡೂ ಕಾಣಬೇಕು. ಆಸ್ಪತ್ರೆಗೆ ಹೋದಾಗ ಮಗು ಅಳುತ್ತಿರುತ್ತದೆ, ಇಲ್ಲವೇ ಆಯಾಸದಿಂದ ನಿದ್ದೆ ಹೋಗಿರುತ್ತದೆ. ಮನೆಯಲ್ಲಿ ಹೇಗಿತ್ತು ಅಂತ ಡಾಕ್ಟರಿಗೆ ಆ ವಿಡಿಯೋ ಚೆನ್ನಾಗಿ ಹೇಳುತ್ತದೆ.

ಒಂದು ನಿಮಿಷ ಪೂರ್ತಿ ಎಣಿಸಿ

ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು ಉಸಿರು. ಗಡಿಯಾರ ನೋಡಿಕೊಂಡು 60 ಸೆಕೆಂಡು ಎಣಿಸಿ. 15 ಸೆಕೆಂಡು ಎಣಿಸಿ ನಾಲ್ಕರಿಂದ ಗುಣಿಸಬೇಡಿ. ಕೂಸುಗಳ ಉಸಿರು ಒಂದೇ ಸಮ ಇರುವುದಿಲ್ಲ. ಬೇಗ ಬೇಗ ಉಸಿರಾಡಿ, ಐದಾರು ಸೆಕೆಂಡು ನಿಲ್ಲಿಸಿ, ಮತ್ತೆ ಶುರು ಮಾಡುತ್ತವೆ. ಎಳೆಗೂಸಿನಲ್ಲಿ ಅಷ್ಟು ಸಣ್ಣ ಬಿಡುವು ಸಹಜ. 20 ಸೆಕೆಂಡು ನಿಂತರೆ, ಅಥವಾ ನಿಂತಾಗ ಮೈ ಬಣ್ಣ ಬದಲಾದರೆ ಅದು ತುರ್ತು.

ವಿಶ್ವ ಆರೋಗ್ಯ ಸಂಸ್ಥೆ ಹೇಳುವ ಲೆಕ್ಕ ಇದು: 2 ತಿಂಗಳೊಳಗಿನ ಕೂಸಿಗೆ ನಿಮಿಷಕ್ಕೆ 60 ಅಥವಾ ಅದಕ್ಕಿಂತ ಜಾಸ್ತಿ, 2ರಿಂದ 12 ತಿಂಗಳೊಳಗೆ 50 ಅಥವಾ ಜಾಸ್ತಿ, 1ರಿಂದ 5 ವರ್ಷದೊಳಗೆ 40 ಅಥವಾ ಜಾಸ್ತಿ ಇದ್ದರೆ ಅದು ವೇಗದ ಉಸಿರು. ಈ ಮೂರು ಸಂಖ್ಯೆಗಳನ್ನು ಒಂದು ಚೀಟಿಯಲ್ಲಿ ಬರೆದು ಫ್ರಿಜ್ಜಿನ ಮೇಲೋ ಕ್ಯಾಲೆಂಡರಿನ ಪಕ್ಕವೋ ಅಂಟಿಸಿ. ಗಾಬರಿಯಲ್ಲಿ ಯಾರಿಗೂ ನೆನಪಿರುವುದಿಲ್ಲ.

ಲೆಕ್ಕ ಜಾಸ್ತಿ ಬಂದರೆ ಐದು ನಿಮಿಷ ಬಿಟ್ಟು ಇನ್ನೊಮ್ಮೆ ಎಣಿಸಿ. ಎರಡನೇ ಸಲವೂ ಜಾಸ್ತಿ ಇದ್ದರೆ ಅದೇ ದಿನ ಡಾಕ್ಟರ ಹತ್ತಿರ ಹೋಗಬೇಕು. ಜ್ವರ ಇದ್ದರೆ ಉಸಿರು ವೇಗವಾಗುವುದು ನಿಜ. ಆದರೆ 'ಜ್ವರಕ್ಕೇ ಹೀಗಾಗಿದೆ' ಅಂತ ನೀವೇ ತೀರ್ಮಾನ ಮಾಡಬೇಡಿ. ದೊಡ್ಡವರ ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಕೂಸಿಗೆ ಹಾಕಿ ನೋಡುವುದೂ ಬೇಡ. ಸಣ್ಣ ಬೆರಳಿಗೆ ಅದು ಸರಿಯಾಗಿ ಕೂರುವುದಿಲ್ಲ, ತಪ್ಪು ಸಂಖ್ಯೆ ತೋರಿಸುತ್ತದೆ.

ಕಾಯದೆ ಹೊರಡಬೇಕಾದ ಹೊತ್ತು

ಇವುಗಳಲ್ಲಿ ಒಂದು ಕಂಡರೂ ಸಾಕು, ರಾತ್ರಿಯಾದರೂ ಹೊರಡಿ:

- ಪಕ್ಕೆ ಒಳಗೆ ಎಳೆಯುತ್ತಿದೆ, ನರಳುತ್ತಿದೆ, ನಾಲಿಗೆ ಅಥವಾ ತುಟಿ ನೀಲಿಯಾಗಿದೆ
- ಹಾಲು ಕುಡಿಯಲು ಆಗುತ್ತಿಲ್ಲ, ಅಥವಾ ಕುಡಿದದ್ದೆಲ್ಲ ವಾಂತಿಯಾಗುತ್ತಿದೆ
- ಎಬ್ಬಿಸಿದರೂ ಸರಿಯಾಗಿ ಏಳುತ್ತಿಲ್ಲ, ಕೈಕಾಲು ಜೋಲಾಡುತ್ತಿವೆ
- ಫಿಟ್ಸ್ ಬಂದಿದೆ
- ಸಮಾಧಾನವಾಗಿರುವಾಗಲೂ ಉಸಿರು ಎಳೆದರೆ ಗಂಟಲಿನಿಂದ ಕರ್ಕಶ ಸದ್ದು ಬರುತ್ತಿದೆ
- ಉಸಿರು 20 ಸೆಕೆಂಡು ನಿಲ್ಲುತ್ತಿದೆ, ಅಥವಾ ನಿಂತಾಗ ಮೈ ಬಣ್ಣ ಬದಲಾಗುತ್ತಿದೆ
- ಕೂಸು 2 ತಿಂಗಳಿಗಿಂತ ಚಿಕ್ಕದು, ಉಸಿರಿನ ತೊಂದರೆ ಇದೆ. ಅಥವಾ 3 ತಿಂಗಳಿಗಿಂತ ಚಿಕ್ಕದು, ಜ್ವರ 38 ಡಿಗ್ರಿ ಸೆಲ್ಸಿಯಸ್, ಅಂದರೆ 100.4 ಫ್ಯಾರನ್‌ಹೀಟ್ ಮುಟ್ಟಿದೆ

ಎಳೆಗೂಸಿಗೆ ಮೈ ತೀರಾ ತಣ್ಣಗಾಗುವುದೂ ಜ್ವರದಷ್ಟೇ ಕೆಟ್ಟ ಗುರುತು. ಅವಧಿಗೆ ಮೊದಲೇ ಹುಟ್ಟಿದ ಮಕ್ಕಳು, ಹೃದಯದ ತೊಂದರೆ ಇರುವವರು, ತೂಕ ಕಡಿಮೆ ಇರುವವರು ಬೇಗ ಸುಸ್ತಾಗುತ್ತಾರೆ. ಅವರ ವಿಷಯದಲ್ಲಿ ಸಣ್ಣ ಅನುಮಾನ ಬಂದರೂ ತೋರಿಸಿಬಿಡಿ.

ಯಾವ ಕೆಮ್ಮು, ಏನಿರಬಹುದು

ಕಾಯಿಲೆ ಯಾವುದು ಅಂತ ಹೇಳುವುದು ಡಾಕ್ಟರ ಕೆಲಸ. ಆದರೂ ಸ್ವಲ್ಪ ಗೊತ್ತಿದ್ದರೆ ಮುಂದೆ ಏನಾಗಬಹುದು ಅನ್ನುವ ಅಂದಾಜು ನಮಗೂ ಸಿಗುತ್ತದೆ.

ಮೊದಲ ತಿಂಗಳುಗಳಲ್ಲಿ ಬರುವ ಗೊರಗೊರ ಸದ್ದು ಹೆಚ್ಚಾಗಿ ಮೂಗಿನದ್ದು. ಕೂಸುಗಳು ಮೂಗಿನಿಂದಲೇ ಉಸಿರಾಡುತ್ತವೆ, ಮೂಗಿನ ದಾರಿ ಸಣ್ಣದು. ಸ್ವಲ್ಪ ಸಿಂಬಳ ಇದ್ದರೂ ಸದ್ದು ಜೋರಾಗಿ ಕೇಳುತ್ತದೆ. ಹಾಲು ಕುಡಿಯುತ್ತಾ ತೂಕ ಏರುತ್ತಿದ್ದರೆ ಹೆದರುವ ಕಾರಣ ಇಲ್ಲ.

ಎರಡು ವರ್ಷದೊಳಗೆ ಜಾಸ್ತಿ ಕಾಡುವುದು ಬ್ರಾಂಕಿಯೊಲೈಟಿಸ್. ಶ್ವಾಸಕೋಶದೊಳಗಿನ ತೀರಾ ಸಣ್ಣ ಕೊಳವೆಗಳು ಊದಿಕೊಂಡು ಕಫದಿಂದ ಕಟ್ಟುತ್ತವೆ. ಬಹಳ ಸಲ ಇದಕ್ಕೆ ಕಾರಣ ಆರ್‌ಎಸ್‌ವಿ ಅನ್ನುವ ವೈರಸ್. ದೊಡ್ಡವರಿಗೆ ಅದೇ ವೈರಸ್ ಸಾಮಾನ್ಯ ಶೀತವಾಗಿ ಬಂದು ಹೋಗುತ್ತದೆ. ಇದರ ನಡೆ ತಿಳಿದಿರಬೇಕು. ಮೊದಲ ಎರಡು ದಿನ ಬರೀ ಮೂಗು ಸೋರುತ್ತದೆ. ಮೂರರಿಂದ ಐದನೇ ದಿನಕ್ಕೆ ಉಸಿರಿನ ಕಷ್ಟ ಜೋರಾಗುತ್ತದೆ. ಆಮೇಲೆ ನಿಧಾನಕ್ಕೆ ಇಳಿಯುತ್ತದೆ, ಕೆಮ್ಮು ಮಾತ್ರ ಎರಡು ಮೂರು ವಾರ ಉಳಿಯಬಹುದು. ಅಂದರೆ ಎರಡನೇ ದಿನ ಡಾಕ್ಟರ್ ನೋಡಿ 'ಪರವಾಗಿಲ್ಲ' ಅಂದಿದ್ದರೂ ನಾಲ್ಕನೇ ದಿನ ಮತ್ತೆ ಎದೆ ನೋಡಬೇಕು, ಎಣಿಸಬೇಕು. ಇದು ವೈರಸ್ ಆದ್ದರಿಂದ ಆಂಟಿಬಯಾಟಿಕ್‌ನಿಂದ ಪ್ರಯೋಜನ ಇಲ್ಲ. ಡಾಕ್ಟರ್ ಅದನ್ನು ಬರೆದುಕೊಡದಿದ್ದರೆ ಬೇಸರ ಮಾಡಿಕೊಳ್ಳಬೇಡಿ.

ನ್ಯುಮೋನಿಯಾದಲ್ಲಿ ಜ್ವರ, ವೇಗದ ಉಸಿರು, ಸುಸ್ತು ಒಟ್ಟಿಗೆ ಬರುತ್ತವೆ. ಬ್ಯಾಕ್ಟೀರಿಯಾದಿಂದ ಬಂದಿದ್ದರೆ ಸರಿಯಾದ ಆಂಟಿಬಯಾಟಿಕ್ ಜೀವ ಉಳಿಸುತ್ತದೆ. ಇಲ್ಲಿ ತಡ ಮಾಡಬಾರದು.

ಸಂಜೆ ಚೆನ್ನಾಗಿದ್ದ ಮಗು ನಡುರಾತ್ರಿ ಎದ್ದು, ನಾಯಿ ಬೊಗಳಿದ ಹಾಗೆ ಕೆಮ್ಮಿದರೆ ಅದು ಕ್ರೂಪ್ ಇರಬಹುದು. ಧ್ವನಿಪೆಟ್ಟಿಗೆಯ ಹತ್ತಿರ ಊತ ಬಂದಿರುತ್ತದೆ. ಅತ್ತಷ್ಟೂ ಉಸಿರು ಕಷ್ಟವಾಗುತ್ತದೆ. ಎತ್ತಿಕೊಂಡು ನೆಟ್ಟಗೆ ಕೂರಿಸಿ, ಸಮಾಧಾನ ಮಾಡಿ. ಬಾಯಿಗೆ ಬೆರಳು, ಚಮಚ ಹಾಕಿ ಗಂಟಲು ನೋಡಬೇಡಿ. ಬೆಚ್ಚಗೆ ಹೊದಿಸಿ ಜಗಲಿಯ ತಂಪು ಗಾಳಿಗೆ ಕರೆದೊಯ್ದರೆ ಕೆಲವು ಮಕ್ಕಳಿಗೆ ಸ್ವಲ್ಪ ಹಗುರಾಗುತ್ತದೆ. ಆಸ್ಪತ್ರೆಯಲ್ಲಿ ಕೊಡುವ ಒಂದು ಡೋಸ್ ಸ್ಟೀರಾಯ್ಡ್ ಇದಕ್ಕೆ ಒಳ್ಳೆಯ ಔಷಧ.

ನಾಯಿಕೆಮ್ಮು ಬೇರೆ ಕಾಯಿಲೆ. ಬಿಡದೆ ಕೆಮ್ಮಿ ಕೆಮ್ಮಿ ಮುಖ ಕೆಂಪಾಗಿ, ಕೊನೆಗೆ ವಾಂತಿಯಾಗುತ್ತದೆ. ತೀರಾ ಚಿಕ್ಕ ಕೂಸಿಗೆ ಕೆಮ್ಮೇ ಇಲ್ಲದೆ ಉಸಿರು ನಿಲ್ಲುವುದೂ ಉಂಟು. ಮನೆಯಲ್ಲಿ ದೊಡ್ಡವರಿಗೆ ವಾರಗಟ್ಟಲೆ ಕೆಮ್ಮು ಇದ್ದರೆ ಅದನ್ನು ಡಾಕ್ಟರಿಗೆ ಹೇಳಲೇಬೇಕು. ಹಾಗೆಯೇ, ಹಾಲು ಕುಡಿಯುವಾಗ ಹಣೆ ಬೆವರಿ, ನಿಲ್ಲಿಸಿ ನಿಲ್ಲಿಸಿ ಕುಡಿಯುವ, ತೂಕ ಏರದ ಕೂಸಿಗೆ ಹೃದಯ ಪರೀಕ್ಷೆ ಮಾಡಿಸಬೇಕು.

ಶೀತವೇ ಇಲ್ಲದೆ ಏಕಾಏಕಿ ಕೆಮ್ಮು ಬಂದರೆ

ನೆಲದ ಮೇಲೆ ಹರಿದಾಡುವ ಮಗು ಒಮ್ಮೆಲೇ ಕೆಮ್ಮಿ ಉಸಿರು ಕಟ್ಟಿದರೆ, ಏನೋ ನುಂಗಲು ಹೋಗಿ ಶ್ವಾಸನಾಳಕ್ಕೆ ಹೋಗಿದೆ ಅಂತಲೇ ಮೊದಲು ಯೋಚಿಸಿ. ನಮ್ಮ ಮನೆಗಳಲ್ಲಿ ಇಂಥ ವಸ್ತುಗಳಿಗೆ ಬರವಿಲ್ಲ. ಕಣದಿಂದ ಕಾಲಿಗೆ ಅಂಟಿ ಬಂದ ಕಾಫಿ ಬೀಜ, ಕಾಳುಮೆಣಸು, ಅಡಿಕೆ ಚೂರು, ಕಡ್ಲೆಬೀಜ, ಏಲಕ್ಕಿ. ಕಾಫಿ ಕೊಯ್ಲಿನ ತಿಂಗಳುಗಳಲ್ಲಿ ದಿನಕ್ಕೆರಡು ಸಲ ನೆಲ ಗುಡಿಸಿ.

ಮಗು ಜೋರಾಗಿ ಕೆಮ್ಮುತ್ತಿದ್ದರೆ, ಅಳುತ್ತಿದ್ದರೆ ಕೆಮ್ಮಲು ಬಿಡಿ. ಸದ್ದೇ ಬರದೆ, ಉಸಿರು ಆಡದೆ ಒದ್ದಾಡುತ್ತಿದ್ದರೆ, ಒಂದು ವರ್ಷದೊಳಗಿನ ಕೂಸಿಗೆ ಹೀಗೆ ಮಾಡಿ:

1. ಮುಂಗೈ ಮೇಲೆ ಬೋರಲು ಮಲಗಿಸಿ. ತಲೆ ಎದೆಗಿಂತ ಕೆಳಗಿರಲಿ, ದವಡೆಗೆ ನಿಮ್ಮ ಬೆರಳಿನ ಆಸರೆ ಇರಲಿ.
2. ಎರಡು ಭುಜದ ಮೂಳೆಗಳ ನಡುವೆ ಅಂಗೈಯ ಬುಡದಿಂದ 5 ಸಲ ಬಲವಾಗಿ ತಟ್ಟಿ.
3. ಅಂಗಾತ ತಿರುಗಿಸಿ. ಎದೆಯ ನಡುವೆ, ಮೊಲೆತೊಟ್ಟುಗಳ ಸಾಲಿಗಿಂತ ಸ್ವಲ್ಪ ಕೆಳಗೆ, ಅಂಗೈಯ ಬುಡದಿಂದ ಅಥವಾ ಎರಡು ಬೆರಳಿನಿಂದ 5 ಸಲ ಒತ್ತಿ.
4. ವಸ್ತು ಹೊರಬರುವವರೆಗೆ ಅಥವಾ ಮಗು ಅಳುವವರೆಗೆ ಹೀಗೇ ಮಾಡುತ್ತಿರಿ. ಇನ್ನೊಬ್ಬರು 108ಕ್ಕೆ ಫೋನ್ ಮಾಡಲಿ.
5. ಪ್ರಜ್ಞೆ ತಪ್ಪಿದರೆ ಗಟ್ಟಿ ನೆಲದ ಮೇಲೆ ಮಲಗಿಸಿ, 30 ಸಲ ಎದೆ ಒತ್ತಿ, 2 ಸಲ ಬಾಯಿ-ಮೂಗು ಸೇರಿಸಿ ಉಸಿರು ಕೊಡಿ. ಇದನ್ನೇ ಮುಂದುವರಿಸಿ.

ಕಣ್ಣಿಗೆ ಕಾಣದ ವಸ್ತುವನ್ನು ಹುಡುಕಿ ಬಾಯಿಗೆ ಬೆರಳು ಹಾಕಬೇಡಿ, ಇನ್ನೂ ಒಳಗೆ ಹೋಗುತ್ತದೆ. ಮಗು ಸುಧಾರಿಸಿಕೊಂಡರೂ ಆಸ್ಪತ್ರೆಗೆ ತೋರಿಸಿ. ಚೂರು ಒಳಗೇ ಉಳಿದರೆ ವಾರಗಳ ನಂತರ ಬಿಡದ ಕೆಮ್ಮಾಗಿ, ನ್ಯುಮೋನಿಯಾ ಆಗಿ ಕಾಣಿಸಿಕೊಳ್ಳುತ್ತದೆ.

ಮನೆಯಲ್ಲೇ ನೋಡಿಕೊಳ್ಳುವಾಗ

ಉಸಿರಿನ ಲೆಕ್ಕ ಸರಿ ಇದೆ, ಪಕ್ಕೆ ಎಳೆಯುತ್ತಿಲ್ಲ, ಹಾಲು ಕುಡಿಯುತ್ತಿದೆ ಅಂದರೆ ಮನೆಯಲ್ಲಿ ಮಾಡಬೇಕಾದ್ದು ಬಹಳ ಇಲ್ಲ. ಇರುವುದನ್ನು ಚೆನ್ನಾಗಿ ಮಾಡಬೇಕು.

ಮೂಗು ಬಿಡಿಸುವುದು ಮುಖ್ಯ. ಮೆಡಿಕಲ್ ಶಾಪಿನಲ್ಲಿ ಮಕ್ಕಳಿಗೆ ಹಾಕುವ ಉಪ್ಪುನೀರಿನ ಮೂಗಿನ ಡ್ರಾಪ್ಸ್ ಸಿಗುತ್ತದೆ. ಸಲೈನ್ ಡ್ರಾಪ್ಸ್ ಅಂತಲೇ ಕೇಳಿ. ದೊಡ್ಡವರ ಮೂಗುಕಟ್ಟಿಗೆ ಹಾಕುವ ಔಷಧದ ಡ್ರಾಪ್ಸ್ ಬೇರೆ, ಅದು ಕೂಸಿಗೆ ಅಪಾಯ. ಹಾಲು ಕೊಡುವ ಹತ್ತು ನಿಮಿಷ ಮೊದಲು ಎರಡೂ ಹೊಳ್ಳೆಗೆ ಎರಡೆರಡು ಹನಿ ಹಾಕಿ. ಒಂದು ನಿಮಿಷ ಬಿಟ್ಟು, ಹೊರಬಂದ ಸಿಂಬಳವನ್ನು ಮೆತ್ತನೆ ಬಟ್ಟೆಯಿಂದ ಒರೆಸಿ. ಮಲಗಿಸುವ ಮೊದಲೂ ಹೀಗೇ ಮಾಡಿ.

ಹಾಲು ಸ್ವಲ್ಪ ಸ್ವಲ್ಪ, ಹೆಚ್ಚು ಸಲ ಕೊಡಿ. ಆರು ತಿಂಗಳೊಳಗೆ ತಾಯಿ ಹಾಲು ಸಾಕು, ಬಿಸಿನೀರು ಕೂಡ ಬೇಡ. ದಿನಾ ಕುಡಿಯುವುದರಲ್ಲಿ ಅರ್ಧದಷ್ಟೂ ಕುಡಿಯದಿದ್ದರೆ, ಏಳೆಂಟು ಗಂಟೆ ಮೂತ್ರ ಮಾಡದಿದ್ದರೆ ಆಸ್ಪತ್ರೆಗೆ ಹೊರಡಿ. ಏದುಸಿರು ಬಿಡುತ್ತಿರುವ ಮಗುವಿಗೆ ಬಲವಂತವಾಗಿ ಏನನ್ನೂ ಕುಡಿಸಬೇಡಿ, ಅದು ಶ್ವಾಸಕೋಶಕ್ಕೆ ಹೋಗಬಹುದು.

ಜ್ವರಕ್ಕೆ ಪ್ಯಾರಸಿಟಮಾಲ್ ತೂಕದ ಲೆಕ್ಕದಲ್ಲಿ ಮಾತ್ರ: ಒಂದು ಕಿಲೋಗೆ 10ರಿಂದ 15 ಮಿಲಿಗ್ರಾಂ, ಆರು ಗಂಟೆ ಅಂತರದಲ್ಲಿ. ಇಲ್ಲೊಂದು ದೊಡ್ಡ ಅಪಾಯ ಇದೆ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ 1 ಎಂಎಲ್‌ಗೆ 100 ಮಿಲಿಗ್ರಾಂ ಇರುತ್ತದೆ. ಸಿರಪ್‌ನಲ್ಲಿ 5 ಎಂಎಲ್‌ಗೆ 120, 125 ಅಥವಾ 250 ಇರುತ್ತದೆ. ಸಿರಪ್‌ನ ಅಳತೆಯಲ್ಲಿ ಡ್ರಾಪ್ಸ್ ಕೊಟ್ಟರೆ ಔಷಧ ಹಲವು ಪಟ್ಟು ಜಾಸ್ತಿಯಾಗುತ್ತದೆ. ಬಾಟಲಿಯ ಮೇಲಿನ ಸಂಖ್ಯೆ ಓದದೆ ಕೊಡಬೇಡಿ. ಮೂರು ತಿಂಗಳೊಳಗಿನ ಕೂಸಿಗೆ ಡಾಕ್ಟರನ್ನು ಕೇಳದೆ ಕೊಡಲೇಬೇಡಿ.

ಮಲಗಿಸುವಾಗ ಅಂಗಾತ, ಸಮತಟ್ಟಾದ ಹಾಸಿಗೆಯ ಮೇಲೆ. ತಲೆದಿಂಬು ಬೇಡ. ಹಬೆ ಕೊಡುವುದೂ ಬೇಡ. ನಮ್ಮ ಮಳೆಗಾಲದ ಗಾಳಿಯಲ್ಲಿ ಇರುವ ತೇವವೇ ಬೇಕಾದಷ್ಟಾಯಿತು, ಬಿಸಿನೀರು ಚೆಲ್ಲಿ ಸುಟ್ಟುಕೊಳ್ಳುವ ಭಯ ಬೇರೆ.

ಪ್ರೀತಿಯಿಂದ ಮಾಡಿದರೂ ಕೆಡುಕಾಗುವಂಥವು

ಹಿರಿಯರು ಹೇಳುವುದರಲ್ಲಿ ಒಳ್ಳೆಯದು ಬಹಳ ಇದೆ. ಕೂಸನ್ನು ಬೆಚ್ಚಗಿಡು, ತಾಯಿ ಹಾಲು ಬಿಡಬೇಡ, ಬಾಣಂತಿ ಕೋಣೆಗೆ ಎಲ್ಲರನ್ನೂ ಬಿಡಬೇಡ ಅನ್ನುವುದೆಲ್ಲ ನಿಜವಾಗಿ ಕಾಪಾಡುತ್ತದೆ. ಆದರೆ ಕೆಲವನ್ನು ನಾವು ಗೌರವದಿಂದಲೇ ಬೇಡ ಅನ್ನಬೇಕು.

ಕೊಡಗಿನ ಜೇನು ಎಷ್ಟೇ ಶುದ್ಧವಾಗಿರಲಿ, ಒಂದು ವರ್ಷ ತುಂಬುವವರೆಗೆ ನಾಲಿಗೆಗೆ ಸವರಲೂ ಬಾರದು. ಜೇನಿನಲ್ಲಿ ಇರಬಹುದಾದ ಒಂದು ಬ್ಯಾಕ್ಟೀರಿಯಾದ ಬೀಜಕಣ ಕೂಸಿನ ಕರುಳಿನಲ್ಲಿ ಬೆಳೆದು ಬಾಟುಲಿಸಂ ತರುತ್ತದೆ. ಅದರಿಂದ ಉಸಿರಾಡುವ ಸ್ನಾಯುಗಳೇ ಸೋಲುತ್ತವೆ. ಚಳಿಗೆ ಅಂತ ಎರಡು ಹನಿ ಬ್ರಾಂದಿ ಕೊಡುವುದು, ಎದೆಗೆ ಹಚ್ಚುವುದು ಬೇಡ. ಮದ್ಯ ಕೂಸಿನ ಸಕ್ಕರೆ ಅಂಶ ಇಳಿಸುತ್ತದೆ, ಉಸಿರನ್ನೂ ಮಂದ ಮಾಡುತ್ತದೆ. ಸ್ನಾನದ ಹೊತ್ತಿಗೆ ಮೂಗಿಗೆ ಎಣ್ಣೆ ಬಿಟ್ಟರೆ ಅದು ಶ್ವಾಸಕೋಶಕ್ಕೆ ಇಳಿದು ಅಲ್ಲೇ ಉಳಿಯುತ್ತದೆ. ಕರ್ಪೂರ, ಕರ್ಪೂರ ಇರುವ ಮುಲಾಮು ಎರಡು ವರ್ಷದೊಳಗೆ ಬೇಡ, ಫಿಟ್ಸ್ ತರಬಹುದು.

ಒಳಲೆ, ಅಂದರೆ ಕೂಸಿಗೆ ಹಾಲು, ಔಷಧ ಕುಡಿಸುವ ಪುಟ್ಟ ಪಾತ್ರೆ, ಬಳಸುವ ಮನೆಗಳಲ್ಲಿ ಒಂದು ಎಚ್ಚರ. ಒಳಲೆ ಕೆಟ್ಟದ್ದಲ್ಲ. ಮಲಗಿಸಿ, ಮೂಗು ಹಿಡಿದು, ಸುರಿಯುವುದು ಕೆಟ್ಟದ್ದು. ಕೂಸನ್ನು ಅರ್ಧ ಕೂರಿಸಿ, ತುಟಿಯಂಚಿಗೆ ಇಟ್ಟು, ಅದೇ ನೆಕ್ಕಿ ಕುಡಿಯುವಷ್ಟು ಮಾತ್ರ ಕೊಡಿ.

ಇನ್ನು ಹೊಗೆ. ಇದರ ಬಗ್ಗೆ ನನಗೆ ನಿಜವಾಗಿ ಸಂಕಟವಿದೆ. ಸ್ನಾನ ಆದ ಮೇಲೆ ಸಾಂಬ್ರಾಣಿ, ಒಳಗೆ ಸೌದೆ ಒಲೆ, ಅದರ ಮೇಲೆ ಒಣಗುವ ಕೂಸಿನ ಬಟ್ಟೆ, ಹೊರಗೆ ಬೀಡಿ ಸೇದಿ ಬಂದು ಎತ್ತಿಕೊಳ್ಳುವವರು. ಇಷ್ಟೂ ಹೊಗೆ ಅಂಗೈಯಗಲದ ಶ್ವಾಸಕೋಶಕ್ಕೆ ಹೋಗುತ್ತದೆ. ತೋಟದ ಕಾರ್ಮಿಕರ ಲೈನ್ ಮನೆಯಲ್ಲಿ ಒಂದೇ ಕೋಣೆ ಇದ್ದರೆ ಏನು ಮಾಡುವುದು ಅಂತ ಕೇಳುವುದು ನ್ಯಾಯವೇ. ಅಡುಗೆ ಹೊತ್ತಿನಲ್ಲಿ ಕೂಸು ಪಕ್ಕದ ಮನೆಯಲ್ಲೋ ಜಗಲಿಯಲ್ಲೋ ಇರಲಿ, ಕಿಟಕಿ ತೆರೆದಿರಲಿ. ಚಳಿಗೆ ಕೆಂಡದ ಅಗ್ಗಿಷ್ಟಿಕೆ ಇಟ್ಟು ಬಾಗಿಲು ಮುಚ್ಚಿ ಮಲಗುವುದಂತೂ ಬೇಡವೇ ಬೇಡ. ವಾಸನೆಯಿಲ್ಲದ ಕಾರ್ಬನ್ ಮೊನಾಕ್ಸೈಡ್ ಇಡೀ ಮನೆಯನ್ನೇ ಕೊಲ್ಲಬಹುದು.

ಕೆಮ್ಮಿನ ಸಿರಪ್ ವಿಷಯಕ್ಕೆ ಬರೋಣ. 2025ರಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಿರಪ್ ಕುಡಿದ ಪುಟ್ಟ ಮಕ್ಕಳು ಮೂತ್ರಪಿಂಡ ಕೆಟ್ಟು ತೀರಿಕೊಂಡರು. ಆ ಸಿರಪ್‌ನಲ್ಲಿ ಡೈಇಥಿಲೀನ್ ಗ್ಲೈಕಾಲ್ ಅನ್ನುವ ವಿಷ ಇತ್ತು. ಅದೇ ಅಕ್ಟೋಬರಿನಲ್ಲಿ ಕೇಂದ್ರ ಆರೋಗ್ಯ ಇಲಾಖೆ 2 ವರ್ಷದೊಳಗಿನ ಮಕ್ಕಳಿಗೆ ಕೆಮ್ಮು-ಶೀತದ ಔಷಧ ಕೊಡಬಾರದು, 5 ವರ್ಷದೊಳಗೂ ಸಾಮಾನ್ಯವಾಗಿ ಸಲ್ಲದು ಅಂತ ತಿಳಿಸಿತು. ವಿಷ ಇಲ್ಲದ ಸಿರಪ್ ಕೂಡ ಕೂಸಿನ ಕೆಮ್ಮಿಗೆ ಹೆಚ್ಚೇನೂ ಮಾಡುವುದಿಲ್ಲ. ಹೋದ ವರ್ಷ ಉಳಿದ ಬಾಟಲಿ, ಅಣ್ಣನಿಗೆ ಬರೆದುಕೊಟ್ಟ ನೆಬ್ಯುಲೈಸರ್ ಔಷಧ, ಎರಡನ್ನೂ ದೂರ ಇಡಿ.

ದಾರಿಯ ಲೆಕ್ಕ

ನಗರದವರಿಗೆ ಬರೆದ ಸಲಹೆಯಲ್ಲಿ 'ಇನ್ನೊಂದೆರಡು ಗಂಟೆ ನೋಡಿ' ಅಂತ ಇರುತ್ತದೆ. ಬಿರುನಾಣಿಯಲ್ಲೋ, ಸೂರ್ಲಬ್ಬಿಯಲ್ಲೋ, ಭಾಗಮಂಡಲದ ಆಚೆಯ ತೋಟದಲ್ಲೋ ಇರುವವರಿಗೆ ಆ ಎರಡು ಗಂಟೆ ದಾರಿಗೇ ಬೇಕು. ಹಾಗಾಗಿ ನಮ್ಮ ನಿರ್ಧಾರ ಬೇಗ ಆಗಬೇಕು. ಸಂಜೆ ನಾಲ್ಕಕ್ಕೆ ಉಸಿರು ಗಡಿಯ ಹತ್ತಿರ ಇದ್ದರೆ, ಮಳೆ ಜೋರಿದ್ದರೆ, ಕತ್ತಲಾಗುವ ಮೊದಲೇ ಹೊರಡಿ. ಪೇಟೆಯ ನೆಂಟರ ಮನೆಯಲ್ಲಿ ಒಂದು ರಾತ್ರಿ ಉಳಿದರೂ ನಷ್ಟವಿಲ್ಲ.

ಮಳೆಗಾಲಕ್ಕೆ ಮೊದಲೇ ಇವು ತಯಾರಿರಲಿ: ಹತ್ತಿರದ ಜೀಪಿನವರ ನಂಬರ್, ಆಶಾ ಕಾರ್ಯಕರ್ತೆಯ ನಂಬರ್, ಪ್ರಾಥಮಿಕ ಆರೋಗ್ಯ ಕೇಂದ್ರದ ನಂಬರ್, ತೋಟದಲ್ಲಿ ಸಿಗ್ನಲ್ ಸಿಗುವ ಜಾಗ ಯಾವುದು ಅನ್ನುವುದು, ಪವರ್ ಬ್ಯಾಂಕ್, ಟಾರ್ಚ್. 108ಕ್ಕೆ ಮಾಡಿದಾಗ ಮಗುವಿನ ವಯಸ್ಸು, 'ಉಸಿರಾಟದ ತೊಂದರೆ' ಅನ್ನುವ ಮಾತು, ಆಂಬುಲೆನ್ಸ್ ಎಲ್ಲಿವರೆಗೆ ಬರಬಹುದು ಅನ್ನುವ ಗುರುತು, ಮೂರನ್ನೂ ಮೊದಲೇ ಹೇಳಿ. ಕೆಸರು ದಾರಿಯಾದರೆ ಜೀಪಿನಲ್ಲಿ ಡಾಂಬರು ರಸ್ತೆಗೆ ಬಂದು ಸೇರಿಕೊಳ್ಳಿ.

ವಿರಾಜಪೇಟೆ, ಸೋಮವಾರಪೇಟೆ, ಕುಶಾಲನಗರದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಮಡಿಕೇರಿಯ ಜಿಲ್ಲಾ ಆಸ್ಪತ್ರೆ ಕೊಡಗು ವೈದ್ಯಕೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು. ಮೊದಲು ಹತ್ತಿರದ, ಆಮ್ಲಜನಕ ಇರುವ ಕಡೆ ಹೋಗಿ. ಮೈಸೂರು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್, ಮಂಗಳೂರಿಗೆ ಸಂಪಾಜೆ ಘಾಟಿ ಇಳಿಯಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡ ಕುಸಿದು ಆ ರಸ್ತೆ ಮುಚ್ಚಿದ್ದು ನಮಗೆಲ್ಲ ನೆನಪಿದೆ ಅಲ್ವಾ. ಏದುಸಿರಿನ ಮಗುವನ್ನು ಆಮ್ಲಜನಕ ಇಲ್ಲದೆ ನೇರ ಮೈಸೂರಿಗೆ ಕಾರಿನಲ್ಲಿ ಒಯ್ಯಬೇಡಿ. ಮೊದಲು ಇಲ್ಲಿ ಸ್ಥಿರಪಡಿಸಲಿ. ಮೈಸೂರಿನ ಚೆಲುವಾಂಬ ಆಸ್ಪತ್ರೆಗೋ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೋ ಕಳಿಸಬೇಕಾದರೆ ಆಂಬುಲೆನ್ಸಿನಲ್ಲಿ ಕಳಿಸಲಿ.

ದಾರಿಯಲ್ಲಿ ಕೂಸು ತಾಯಿಯ ಎದೆಗೆ ಒರಗಿ ನೆಟ್ಟಗಿರಲಿ. ಕುತ್ತಿಗೆ ಮುಂದಕ್ಕೆ ಬಾಗದಂತೆ, ಮುಖಕ್ಕೆ ಬಟ್ಟೆ ಮುಚ್ಚದಂತೆ ನೋಡಿಕೊಳ್ಳಿ. ಘಾಟಿಯ ತಿರುವಿನಲ್ಲಿ ಹಾಲು ಕೊಡಬೇಡಿ. ತಾಯಿ ಕಾರ್ಡ್, ರೇಷನ್ ಕಾರ್ಡ್, ಕೊಟ್ಟ ಔಷಧಗಳ ಬಾಟಲಿ ಜೊತೆಗಿರಲಿ. ಒಂದು ವರ್ಷದೊಳಗಿನ ಮಗುವಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಆಂಬುಲೆನ್ಸ್ ಜನನಿ ಶಿಶು ಸುರಕ್ಷಾ ಕಾರ್ಯಕ್ರಮದಲ್ಲಿ ಉಚಿತ. ದುಡ್ಡಿಲ್ಲ ಅಂತ ಬೆಳಗಾಗುವುದನ್ನು ಕಾಯಬೇಡಿ.

ಮನೆಗೆ ಬಂದ ಮೇಲೆ

ಆಂಟಿಬಯಾಟಿಕ್ ಕೊಟ್ಟಿದ್ದರೆ ಜ್ವರ ಬಿಟ್ಟಿತು ಅಂತ ನಡುವೆ ನಿಲ್ಲಿಸಬೇಡಿ. ಎರಡು ದಿನದಲ್ಲಿ ಉಸಿರು ನಿಧಾನವಾಗದಿದ್ದರೆ ಮತ್ತೆ ತೋರಿಸಿ. ಕೆಮ್ಮು ಎರಡು ವಾರ ದಾಟಿದರೆ, ತೂಕ ಇಳಿದರೆ, ಮನೆಯಲ್ಲಿ ಯಾರಿಗಾದರೂ ಕ್ಷಯ ಇದ್ದರೆ ಮಗುವಿಗೂ ಪರೀಕ್ಷೆ ಆಗಬೇಕು.

ಲಸಿಕೆ ಪುಸ್ತಕ ತೆಗೆದು ನೋಡಿ. ನಾಯಿಕೆಮ್ಮು ಮತ್ತು ಹಿಬ್ ಅನ್ನುವ ಬ್ಯಾಕ್ಟೀರಿಯಾದ ಸೋಂಕು ತಡೆಯುವ ಪೆಂಟಾವೇಲೆಂಟ್ 6, 10, 14ನೇ ವಾರಕ್ಕೆ. ನ್ಯುಮೋನಿಯಾ ತಡೆಯುವ ಪಿಸಿವಿ 6ನೇ ವಾರ, 14ನೇ ವಾರ, 9ನೇ ತಿಂಗಳಿಗೆ. 2021ರಿಂದ ಇದು ದೇಶದ ಎಲ್ಲ ಕಡೆ ಉಚಿತ. ದಡಾರ-ರುಬೆಲ್ಲಾ 9ನೇ ತಿಂಗಳಿಗೆ, ಮತ್ತೆ ಒಂದೂವರೆ ವರ್ಷದ ಹೊತ್ತಿಗೆ. ಜ್ವರದಿಂದ ಒಂದು ಡೋಸ್ ತಪ್ಪಿದ್ದರೆ ಮೊದಲಿಂದ ಶುರು ಮಾಡಬೇಕಿಲ್ಲ, ಉಳಿದದ್ದನ್ನು ಹಾಕಿಸಿದರೆ ಸಾಕು. ಪುತ್ತರಿಗೆ, ಮದುವೆಗೆ ಬಂದ ನೆಂಟರಿಗೆ ಶೀತ ಇದ್ದರೆ ಕೂಸನ್ನು ಎತ್ತಿಕೊಳ್ಳಲು, ಮುತ್ತು ಕೊಡಲು ಬಿಡಬೇಡಿ. ಶಾಲೆಯಿಂದ ಬಂದ ಅಣ್ಣ, ಅಕ್ಕ ಸೋಪು ಹಾಕಿ ಕೈ ತೊಳೆದು, ಬಟ್ಟೆ ಬದಲಿಸಿ, ಆಮೇಲೆ ತೊಟ್ಟಿಲ ಹತ್ತಿರ ಬರಲಿ.